ಟುವಾಲು: ಮೂರನೇ ಸಲಕ್ಕೆ ಹೋಗಿ ಮುಟ್ಟಿದ್ದು (ನನ್ನ ಅನುಭವ)

ಟುವಾಲು ಪೆಸಿಫಿಕ್ ಸಾಗರದ ಒಂದು ಪುಟ್ಟ ದ್ವೀಪ ದೇಶ. ಆದ್ರೆ ಟುವಾಲು ಅಂದ್ರೆ ನಮ್ಮ ಮನೆಯಲ್ಲಿ ಮೈ ಒರೆಸುವ ಬೈರಾಸು. ಹಾಗಾಗಿ "ಟುವಾಲಿಗೆ ಹೋಗ್ತೇನೆ" ಅಂದಾಗ ಭಾವ ಬಿದ್ದು ಬಿದ್ದು ನಗಾಡಿದ್ದರಲ್ಲಿ ತಪ್ಪಿಲ್ಲ. ಆದ್ರೆ ಊರೂರು ಸುತ್ತಿದ ನನ್ನ ಸ್ನೇಹಿತರೂ "ಇಂಡಿಯನ್ ಪಾಸ್‌ಪೋರ್ಟಲ್ಲಿ ಕಷ್ಟ, ಆಸ್ಟ್ರೇಲಿಯಾ ವೀಸಾ ಬೇಕು, ಐದಾರು ಲಕ್ಷ ಆಗ್ತದೆ, ಸಸ್ಯಾಹಾರಿಗೆ ಅಲ್ಲಿ ತೆಂಗಿನಕಾಯಿ ಬಿಟ್ರೆ ಎಂತ ಸಹ ಇಲ್ಲ" ಅಂದಿದ್ರು. ನಾನು ಹೋದ ವರ್ಷ ಆಗಸ್ಟಲ್ಲಿ ಹೋಗಿ ಆರು ರಾತ್ರಿ ಇದ್ದು ಬಂದೆ, ಒಟ್ಟು ಎರಡು ಕಾಲು ಲಕ್ಷದ ಒಳಗೆ. ಇದು ಮೂರನೇ ಸಲದ ಲೆಕ್ಕ. ಮೊದಲ ಎರಡು ಸಲದ್ದು ಸೇರಿಸಿದ್ರೆ ಹೆಂಡತಿ ಇದನ್ನು ಓದಬಾರ್ದು.

ಮೊದಲನೇ ಸಲ ಬೆಂಗಳೂರಿನ ಒಬ್ಬ ಏಜೆಂಟಿನ ಮಾತು ಕೇಳಿ ಸಿಡ್ನಿ ಮೇಲೆ ಟಿಕೆಟ್ ಮಾಡಿದೆ. ನಮಗೆ ಅಲ್ಲಿ ಬರೀ ವಿಮಾನ ಬದಲಿಸ್ಲಿಕ್ಕೂ ಟ್ರಾನ್ಸಿಟ್ ವೀಸಾ ಬೇಕು ಅಂತ ಆ ಮನುಷ್ಯ ಹೇಳಿದ್ದು ಟಿಕೆಟ್ ಆದ ಮೇಲೆ. ಹಾಕಿದೆವು, ಹೊರಡುವ ದಿನದವರೆಗೆ ಬರ್ಲಿಲ್ಲ. ನಾನ್ ರಿಫಂಡೇಬಲ್, ನಲವತ್ತು ಸಾವಿರದ ಹತ್ರ ಸಮುದ್ರಕ್ಕೆ. ಆಮೇಲೆ ಗೊತ್ತಾದದ್ದು ಆಸ್ಟ್ರೇಲಿಯಾವನ್ನು ಮುಟ್ಟುವ ಅಗತ್ಯವೇ ಇಲ್ಲ ಅಂತ. ಬೆಂಗಳೂರು ಸಿಂಗಾಪುರ, ಅಲ್ಲಿ ಏರ್‌ಪೋರ್ಟಿನ ಒಳಗೇ ಕೂತು ಫಿಜಿ ದೇಶದ ನಾಡಿ ಎಂಬ ಊರಿಗೆ ನೇರ ವಿಮಾನ (ಹತ್ತು ಗಂಟೆ, ಬೆನ್ನು ಹೋಗ್ತದೆ), ಫಿಜಿಗೆ ನಮಗೆ ಮುಂಚೆ ವೀಸಾ ಬೇಡ, ಬಂದಿಳಿದಾಗ ನಾಲ್ಕು ತಿಂಗಳಿಗೆ ಸೀಲು. ಟುವಾಲಿನಲ್ಲಿ ಇಳಿದ ಮೇಲೆ ಒಂದು ತಿಂಗಳ ವೀಸಾ. ರಿಟರ್ನ್ ಟಿಕೆಟ್, ಲಾಡ್ಜಿನ ಬುಕಿಂಗ್ ಕೇಳಿದ್ರು, ಅಷ್ಟೇ. ಫೀಸಿಗೆ ಕ್ಯಾಶ್ ಕೈಯಲ್ಲಿರಲಿ.

ಎರಡನೇ ಸಲ ಇದೇ ದಾರಿಯಲ್ಲಿ ಹೋದೆ, ಫೆಬ್ರವರಿಯಲ್ಲಿ. ಅದೇ ಹುಚ್ಚು. ನವೆಂಬರಿಂದ ಏಪ್ರಿಲ್‌ವರೆಗೆ ಆ ಕಡೆ ಸೈಕ್ಲೋನ್ ಸೀಸನ್. ಫಿಜಿಯ ರಾಜಧಾನಿ ಸುವಾದಿಂದ ಟುವಾಲಿನ ರಾಜಧಾನಿ ಫುನಾಫುಟಿಗೆ ಹೋಗುವುದು ಎರಡು ಫ್ಯಾನಿನ ಸಣ್ಣ ಎಟಿಆರ್ ವಿಮಾನ, ದಿನಾ ಇಲ್ಲ, ವಾರಕ್ಕೆ ಎಣಿಸಿದಷ್ಟು. ಗಾಳಿಮಳೆಗೆ ಆ ದಿನದ್ದು ಹೋಗ್ಲೇ ಇಲ್ಲ, ಮುಂದಿನದ್ದು ಎರಡು ದಿನ ಬಿಟ್ಟು, ನನ್ನ ರಜೆ ಅಷ್ಟರಲ್ಲಿ ಮುಗೀತು. ಸುವಾದ ಲಾಡ್ಜಲ್ಲಿ ಕೂತು ಮಳೆ ನೋಡಿ ವಾಪಸ್. ಮಳೆ ನೋಡ್ಲಿಕ್ಕೆ ಪುತ್ತೂರಿಂದ ಫಿಜಿಗೆ ಹೋದವ ನಾನೊಬ್ಬನೇ ಇರ್ಬೇಕು. ಭಾವ ಈಗಲೂ ಮದುವೆ ಮನೆಗಳಲ್ಲಿ ಅದನ್ನು ಹೇಳ್ತಾರೆ.

ಹಾಗಾಗಿ ಮೂರನೇ ಸಲ ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ ಫಿಜಿಯಲ್ಲಿ ಸುಮ್ಮನೆ ಇಟ್ಟೆ. ಅದಕ್ಕೆ ಹದಿನೈದು ಸಾವಿರ ಖರ್ಚು, ಒಂದು ಟಿಕೆಟ್ ತಪ್ಪಿದ್ರೆ ಹೋಗುವ ದುಡ್ಡಿಗಿಂತ ಕಮ್ಮಿ. ನಾಡಿಯಿಂದ ಸುವಾಗೆ ಬಸ್ಸಲ್ಲೇ ಹೋಗಿ, ನಾಲ್ಕೈದು ಗಂಟೆ, ಸಮುದ್ರದ ಬದಿಯ ಕ್ವೀನ್ಸ್ ರೋಡು, ಸಾವಿರ ರೂಪಾಯಿ ಆಸುಪಾಸು. ಸುವಾ ಮಾರ್ಕೆಟಿನ ಮಾಳಿಗೆಯಲ್ಲಿ ಸಂಬಾರ ಪದಾರ್ಥ ಸಿಗ್ತದೆ, ಹುಣಸೆಹುಳಿ ಅಲ್ಲೇ ತಗೊಳ್ಳಿ (ಯಾಕೆ ಅಂತ ಆಮೇಲೆ ಹೇಳ್ತೇನೆ). ವಿಮಾನ ಹೊರಡುವುದು ಸುವಾ ಪೇಟೆಯಿಂದ ಅಲ್ಲ, ನೌಸೋರಿಯಿಂದ, ಇಪ್ಪತ್ತಮೂರು ಕಿಲೋಮೀಟರ್.

ಟಿಕೆಟಿನ ಲೆಕ್ಕ, ನೆನಪಲ್ಲಿದ್ದ ಹಾಗೆ: ಸಿಂಗಾಪುರಕ್ಕೆ ಹೋಗಿ ಬರ್ಲಿಕ್ಕೆ ಇಪ್ಪತ್ತನಾಲ್ಕು ಸಾವಿರ, ಅಲ್ಲಿಂದ ನಾಡಿಗೆ ಎಪ್ಪತ್ತೈದು ಚಿಲ್ಲರೆ, ಸುವಾ ಫುನಾಫುಟಿ ಐವತ್ತರ ಹತ್ರ. ಈ ಕೊನೆಯ ಎರಡೂವರೆ ಗಂಟೆಯದ್ದೇ ಅನ್ಯಾಯದ ರೇಟು. ಅದನ್ನು ಐವತ್ತಕ್ಕೆ ಇಳಿಸಿದ್ದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಬರೆದ್ರೆ ಮುಂದಿನ ಸಲ ನನಗೇ ಸಿಗುವುದಿಲ್ಲ.

ದುಡ್ಡು ಆಸ್ಟ್ರೇಲಿಯನ್ ಡಾಲರ್, ಊರಿಂದಲೇ ನೋಟು ತಗೊಂಡು ಹೋಗಿ, ಸಣ್ಣ ನೋಟು ಜಾಸ್ತಿ. ಆ ದೇಶಕ್ಕೆ ಎಟಿಎಂ ಬಂದದ್ದೇ 2025ರಲ್ಲಿ. ಕಾರ್ಡು ನಂಬಿ ಹೋದವ ಉಪವಾಸ. ಲಾಡ್ಜು ದಿನಕ್ಕೆ ನೂರು ಡಾಲರ್ ಲೆಕ್ಕ, ಅಂದ್ರೆ ಆಗಿನ ಐದೂವರೆ ಸಾವಿರ ರೂಪಾಯಿ, ಫ್ಯಾನು, ಬ್ರೆಡ್ಡು, ಒಂದು ಕೋಳಿ ಬೆಳಗಿನ ನಾಲ್ಕಕ್ಕೆ ಎಬ್ಬಿಸ್ತದೆ. ಯಾವುದಾದ್ರೂ ಮೀಟಿಂಗು ಅಂತ ಹೊರದೇಶದ ಆಫೀಸರುಗಳು ಬಂದ್ರೆ ಇಡೀ ಊರಿನ ರೂಮು ಭರ್ತಿಯಾಗ್ತದೆ, ಅದಕ್ಕೆ ಮೊದಲು ರೂಮು, ಆಮೇಲೆ ಟಿಕೆಟು. ಬೈಕ್ ಬಾಡಿಗೆ ದಿನಕ್ಕೆ ಹತ್ತು ಹದಿನೈದು ಡಾಲರ್. ನಾನು ತಗೊಂಡು ಹೋದ ಇ-ಸಿಮ್ಮು ಅಲ್ಲಿ ಸತ್ತೇ ಹೋಯ್ತು, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟದ್ದು ಉಪಕಾರ ಆಯ್ತು, ಆದ್ರೆ ಇರುವುದು ಒಂದು ರೋಡು ಮಾರಾಯ್ರೆ, ಮ್ಯಾಪ್ ಎಂತಕ್ಕೆ.

ಈಗ ಊಟ. ಸಣ್ಣ ಕರೆಂಟ್ ಕುಕ್ಕರು ತಗೊಂಡು ಹೋಗಿದ್ದೆ, ಆಸ್ಟ್ರೇಲಿಯಾ ಪಿನ್ನಿನ ಅಡಾಪ್ಟರ್ ಬೇಕು, ವೋಲ್ಟೇಜು ನಮ್ಮದೇ. ಅವಲಕ್ಕಿ, ಪುಳಿಯೋಗರೆ ಗೊಜ್ಜು. ಫಿಜಿಯ ಬಯೋಸೆಕ್ಯುರಿಟಿಯಲ್ಲಿ (ಹೊರಗಿನ ಕೀಟ, ರೋಗ ಒಳಗೆ ಬಾರದ ಹಾಗೆ ಮಾಡುವ ತಪಾಸಣೆ) ತಿನ್ನುವ ವಸ್ತು ಪೂರ್ತಿ ಫಾರ್ಮಲ್ಲಿ ಬರೆದುಬಿಡಿ, ಬರೆದವರನ್ನು ನೋಡಿ ಬಿಡ್ತಾರೆ, ಅಡಗಿಸಿದವರಿಗೆ ದಂಡ. ಮತ್ತೆ ಮನೆಯ ಮಸಾಲೆ ಪುಡಿಯಲ್ಲಿ ಗಸಗಸೆ ಇದ್ರೆ ಬಿಟ್ಟು ಹೋಗಿ, ಸಿಂಗಾಪುರದಲ್ಲಿ ಗಸಗಸೆ ನಿಷೇಧ. ನಮ್ಮ ಬಿಸಿಬೇಳೆಬಾತ್ ಪುಡಿ ಈ ಕಾರಣಕ್ಕೆ ಮನೆಯಲ್ಲೇ ಉಳೀತು.

ಆದ್ರೆ ಹೇಳಬೇಕಾದ್ದು ಇದಲ್ಲ. ಅಲ್ಲಿ ಜೀಗುಜ್ಜೆ (ಬ್ರೆಡ್ ಫ್ರೂಟ್) ಉಂಟು! ಮರದ ತುಂಬ. ಮತ್ತೆ ಹೊಂಡದಲ್ಲಿ ಬೆಳೆಸುವ ಪುಲಕ ಅಂತ ಗಡ್ಡೆ, ಎಲೆ ನೋಡಿದ್ರೆ ಸಾಕ್ಷಾತ್ ನಮ್ಮ ಕೆಸು, ಆಳೆತ್ತರ. ಲಾಡ್ಜಿನ ಅಮ್ಮನಿಗೆ ಒಂದು ಜೀಗುಜ್ಜೆ ತೋರಿಸಿ ಕೈಸನ್ನೆ ಮಾಡಿದೆ, ಅಡಿಗೆಮನೆ ಬಿಟ್ಟುಕೊಟ್ರು. ಅವರು ಕೂತು ಕಾಯಿ ತುರಿಯುವ ಮಣೆ ನಮ್ಮ ಹೆರೆಮಣೆಯೇ, ಬರೀ ಹಲ್ಲು ಸ್ವಲ್ಪ ಬೇರೆ. ನಾನು ಕೂತು ಅರ್ಧ ಕಾಯಿ ಹೆರೆದದ್ದು ನೋಡಿ ಅವರ ಮಗಳು ಓಡಿಹೋಗಿ ಪಕ್ಕದ ಮನೆಯವರನ್ನು ಕರೆದುಕೊಂಡು ಬಂದ್ಲು. ಜೀಗುಜ್ಜೆ ಪಲ್ಯ ಫಸ್ಟ್ ಕ್ಲಾಸ್. ಪುಲಕದ ಹುಳಿ ಮಾತ್ರ ಮೊದಲ ದಿನ ಗಂಟಲು ತುರಿಸಿ ಸತ್ತೆ, ಬೇಯಿಸಿದ್ದು ಸಾಕಾಗಿರಲಿಲ್ಲ. ಮರುದಿನ ಒಂದೂವರೆ ಗಂಟೆ ಬೇಯಿಸಿ, ಸುವಾದ ಹುಣಸೆಹುಳಿ ನಿಂಬೆ ಗಾತ್ರದ್ದು ಎರಡು ಹಾಕಿದೆ, ತುರಿಕೆ ಇಲ್ಲ. ಬೆಲ್ಲದ ಬದಲು ಅವರ ಕಲೆವೆ, ಅಂದ್ರೆ ತೆಂಗಿನ ಸಿಹಿ ಕಳ್ಳು, ಅದನ್ನು ಕುದಿಸಿ ಪಾಕ ಮಾಡಿ ಹಾಕಿ ನೋಡಿದೆ. ತಳ ಹಿಡೀತು, ಕುಕ್ಕರಿಗೆ ಈಗಲೂ ಅದರ ವಾಸನೆ. ಹಸಿ ತರಕಾರಿ ಬೇಕಾದ್ರೆ ತೈವಾನಿನವರ ತೋಟ ಉಂಟು, ಮಾರಾಟದ ದಿನ ಬೆಳಿಗ್ಗೆ ಬೇಗ ಹೋಗಿ, ತಡ ಮಾಡಿದ್ರೆ ಸೌತೆಕಾಯಿಯ ಬುಟ್ಟಿ ಮಾತ್ರ ಇರ್ತದೆ. ನೀರು ಹೆಚ್ಚಾಗಿ ಮಳೆನೀರಿನ ಟ್ಯಾಂಕಿದ್ದು, ಎರಡು ಚೆಂಬಲ್ಲಿ ಸ್ನಾನ ಮುಗಿಸಿ, ಅದು ಮರ್ಯಾದೆ.

ನೋಡ್ಲಿಕ್ಕೆ ಎಂತ ಉಂಟು ಅಂತ ಕೇಳ್ತಾರೆ. ಸಂಜೆ ರನ್‌ವೇಗೆ ಹೋಗಿ. 1943ರಲ್ಲಿ ಅಮೆರಿಕನ್ನರು ಯುದ್ಧಕ್ಕೆ ಮಾಡಿದ್ದು, ಈಗ ಅದೇ ಊರಿನ ಅಂಗಳ. ವಾಲಿಬಾಲ್, ಫುಟ್ಬಾಲ್, ಚಾಪೆ ಹಾಸಿ ಮಲಗಿದವರು, ಮಧ್ಯದಲ್ಲಿ ಬೈಕು. ವಿಮಾನ ಬರುವಾಗ ಸೈರನ್ ಕೂಗ್ತದೆ, ಎಲ್ಲ ಬದಿಗೆ. ಬೈಕಲ್ಲಿ ದ್ವೀಪದ ಈ ತುದಿಯಿಂದ ಆ ತುದಿಗೆ ಹನ್ನೆರಡು ಕಿಲೋಮೀಟರ್, ಕೆಲವು ಕಡೆ ಎಷ್ಟು ಸಪೂರ ಅಂದ್ರೆ ಎಡಕ್ಕೆ ಲಗೂನ್ (ಹವಳದ ದಂಡೆಯ ಒಳಗಿನ ಶಾಂತ ನೀರು), ಬಲಕ್ಕೆ ಸಮುದ್ರ, ಮಧ್ಯದಲ್ಲಿ ನೀವು. ಉತ್ತರದ ತುದಿಯಲ್ಲಿ ಕಸದ ರಾಶಿ, ಅದನ್ನೂ ನೋಡಿ. ನನಗೆ ಒಂದು ಖಯಾಲಿ, ಮೆಲ್ಲ ಮುಳುಗುವ ಬೆಟ್ಟದ ಮೇಲೆ ಹವಳ ಬೆಳೆದು ಬೆಳೆದು ಇಂಥ ದ್ವೀಪ ಆಗ್ತದೆ ಅಂತ ಡಾರ್ವಿನ್ ಹೇಳಿದ್ದು ಸರಿಯಾ ಅಂತ ನೋಡ್ಲಿಕ್ಕೆ ಲಂಡನ್ನಿನ ರಾಯಲ್ ಸೊಸೈಟಿ 1896ರಿಂದ 1898ರವರೆಗೆ ಇಲ್ಲಿ ಬೋರ್ ಕೊರೆಸಿತ್ತು, 1,114 ಅಡಿ ಹೋಗಿ ಆಗಲೂ ಹವಳದ ಸುಣ್ಣಕಲ್ಲೇ. ಅರ್ಧ ದಿನ ಹುಡುಕಿದೆ. ಸಿಕ್ಕಿದ್ದು ಮನೆಗಳ ಮಧ್ಯೆ ನೆಲದಲ್ಲೊಂದು ತೂತು. ನಮ್ಮೂರಲ್ಲಿ ಅದಕ್ಕಿಂತ ಆಳದ ಫೇಲ್ ಆದ ಬೋರುಗಳುಂಟು, ಆದ್ರೂ ಖುಷಿಯಾಯ್ತು.

ಲಗೂನಿನ ಆ ಬದಿಯ ಸಂರಕ್ಷಿತ ದ್ವೀಪಗಳಿಗೆ ಬೋಟು ಒಬ್ಬರೇ ಮಾಡಿದ್ರೆ ಇನ್ನೂರು ಡಾಲರ್ ಹೇಳಿದ್ರು. ಮೂರು ಜನ ಸಿಕ್ಕುವವರೆಗೆ ಕಾದೆ, ಐವತ್ತಕ್ಕೆ ಮುಗೀತು. ಆದಿತ್ಯವಾರ ಎಂತ ಸಹ ಇಟ್ಕೊಳ್ಬೇಡಿ, ಊರೇ ಚರ್ಚಲ್ಲಿ, ಅಂಗಡಿ ಬಂದ್.

ಹೊರಡುವ ಮೊದಲು ಚಿಲ್ಲರೆ ಮುಗಿಸಿ, ನೋಟು ಆಸ್ಟ್ರೇಲಿಯಾದ್ದಾದ್ರೂ ಟುವಾಲಿಗೆ ಅದರದ್ದೇ ನಾಣ್ಯ ಉಂಟು, ಅದು ಫಿಜಿಯಲ್ಲೂ ನಡೆಯುವುದಿಲ್ಲ. ಒಂದು ಡಾಲರಿಂದು ಒಂಬತ್ತು ಮೂಲೆಯದ್ದು, ಆಮೆಯ ಚಿತ್ರ. ಎರಡು ಮಾತ್ರ ಉಳಿಸಿಕೊಂಡೆ. ಒಂದು ಮಗಳಿಗೆ. ಇನ್ನೊಂದನ್ನು ಒಂದು ಬೈರಾಸಿನಲ್ಲಿ ಸುತ್ತಿ ಭಾವನಿಗೆ ಕೊಟ್ಟೆ.