ಸೊಪ್ಪಿನಬೆಟ್ಟವನ್ನು ಊರೊಟ್ಟಾಗಿ ನೋಡಿಕೊಂಡ ಬಗೆ

ಶಿರಸಿ ತಾಲೂಕಿನಲ್ಲಿ, ಅಘನಾಶಿನಿಯನ್ನು ಸೇರುವ ಹಳ್ಳವೊಂದರ ಎರಡೂ ದಂಡೆಗೆ ಹರಡಿಕೊಂಡಿರುವ ಕಣಿವೆಯ ಊರು ನಮ್ಮದು. ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯಲ್ಲಿ ಮನೆ ಮತ್ತು ಕೊಟ್ಟಿಗೆ, ಮೇಲೆ ತೋಟದ ಗೊಬ್ಬರಕ್ಕೆ ಸೊಪ್ಪು ಒದಗಿಸುವ ಸೊಪ್ಪಿನಬೆಟ್ಟ, ಅದರಾಚೆ ಕಾನು, ಅಂದರೆ ದಟ್ಟ ಕಾಡು. ಈ ಸೀಮೆಯ ಬಹುತೇಕ ಊರುಗಳು ಇರುವುದು ಹೀಗೆಯೇ. ಬ್ರಿಟಿಷರ ಕಾಲದಿಂದ ನಡೆದುಬಂದ ವ್ಯವಸ್ಥೆಯಂತೆ ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಇದೆ. ಭೂಮಿ ಸರಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ), ಕರಡ (ಬೆಟ್ಟದ ಹುಲ್ಲು) ತೋಟದವರಿಗೆ. ಕಾಗದಪತ್ರದಲ್ಲಿ ಒಬ್ಬೊಬ್ಬರ ಬೆಟ್ಟಕ್ಕೂ ಗಡಿಯಿದ್ದರೂ ಒಬ್ಬರ ಬೆಟ್ಟದಲ್ಲಿ ಇಂಗಿದ ನೀರು ಇನ್ನೊಬ್ಬರ ತೋಟದಲ್ಲಿ ಒರತೆಯಾಗಿ ಏಳುತ್ತದೆ. ಆದ್ದರಿಂದ ಬೆಟ್ಟದ ಕೆಲಸವನ್ನು ಮನೆಮನೆಯ ಲೆಕ್ಕದಲ್ಲಿ ಮಾಡುವುದರಲ್ಲಿ ಅರ್ಥವಿಲ್ಲ ಎಂಬುದು ನಮ್ಮ ಎಲ್ಲ ತೀರ್ಮಾನಗಳ ಬುಡ.

ನನ್ನ ತಂದೆಯವರ ಕಾಲದಲ್ಲಿ ಅಬ್ಬಿಯ, ಅಂದರೆ ಬೆಟ್ಟದ ಒರತೆಯ ನೀರು ಬೇಸಗೆಯಲ್ಲೂ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅಂಗಳಕ್ಕೆ ಬರುತ್ತಿತ್ತು. ತೋಟ ನನ್ನ ಕೈಗೆ ಬರುವ ಹೊತ್ತಿಗೆ ಶಿವರಾತ್ರಿ ಕಳೆಯುತ್ತಲೇ ಹಳ್ಳದ ಹರಿವು ನಿಲ್ಲುತ್ತಿತ್ತು. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆಯೆಂದರೆ ಒಂದು ಎಕರೆಯ ಮೇಲೆ ಬೀಳುವ ನೀರು ಸರಿಸುಮಾರು ಒಂದು ಕೋಟಿ ಲೀಟರ್. ಇಷ್ಟು ಸುರಿಯುವ ಊರಿನಲ್ಲಿ ಕೊಳವೆಬಾವಿ ಕೊರೆಸುವ ಮಾತು ಬಂದಾಗ ಹಿರಿಯರೊಬ್ಬರು ಮೊದಲು ಬೆಟ್ಟ ಹತ್ತಿ ನೋಡೋಣ ಎಂದರು. ನೋಡಿದರೆ ನೆತ್ತಿಯವರೆಗೆ ಸವರಿದ ಮತ್ತಿ, ಹುನಾಲು ಮರಗಳು ಕಂಬಗಳಂತೆ ನಿಂತಿದ್ದವು, ನೆಲದ ದರಕನ್ನು ಪೂರ್ತಿ ಗುಡಿಸಿ ಒಯ್ದಿದ್ದರಿಂದ ಜಂಬಿಟ್ಟಿಗೆ ಮಣ್ಣು ಬಿಸಿಲಿಗೆ ಗಟ್ಟಿಕಟ್ಟಿ ಮಳೆಯ ನೀರು ಕೆಂಪಾಗಿ ಹಳ್ಳಕ್ಕೆ ಜಾರುವ ಕೊರಕಲುಗಳು ಎದ್ದು ಕಾಣುತ್ತಿದ್ದವು.

1983ರಲ್ಲಿ ಸಾಲ್ಕಣಿ ಭಾಗದ ಜನ ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದ ತಾಲೂಕು ಇದು; ಕಾಡು ಉಳಿಸುವ ಮಾತು ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಹೊರಗಿನವರ ಕೊಡಲಿಯನ್ನು ತಡೆಯುವುದಕ್ಕಿಂತ ನಮ್ಮದೇ ಕತ್ತಿಗೆ ಮಿತಿ ಹಾಕಿಕೊಳ್ಳುವುದು ಕಷ್ಟದ ಕೆಲಸ. ಮೊದಲ ಸಭೆಗಳಿಗೆ ಬೆಟ್ಟದ ಸವಲತ್ತು ಉಳ್ಳವರನ್ನು ಮಾತ್ರ ಕರೆಯಬೇಕೆಂಬ ವಾದವಿತ್ತು. ಸವಲತ್ತಿಲ್ಲದೆಯೂ ದನ ಮೇಯಿಸುವ, ಒಣಕಟ್ಟಿಗೆ ಆರಿಸುವ, ಉಪ್ಪಾಗೆ ಮತ್ತು ಮುರುಗಲಿನಂಥ ಹುಳಿಹಣ್ಣು ಕೊಯ್ಯುವ ಕುಟುಂಬಗಳನ್ನು ಹೊರಗಿಟ್ಟು ಮಾಡಿದ ಯಾವ ನಿಯಮವೂ ಒಂದು ಬೇಸಗೆಯನ್ನೂ ದಾಟಲಾರದು ಎಂದು ನಾನು ಮತ್ತು ಇನ್ನು ಕೆಲವರು ಹಟ ಹಿಡಿದೆವು. ಒಣಕಟ್ಟಿಗೆ ಮತ್ತು ಕಾಡುಹಣ್ಣಿನ ಮೇಲೆ ಅವರಿಗಿದ್ದ ರೂಢಿಯ ಪಾಲನ್ನು ಮುಟ್ಟುವುದಿಲ್ಲ ಎಂದು ಬರೆದುಕೊಟ್ಟ ಮೇಲೆಯೇ ಮೇವಿನ ಮಾತು ಮುಂದುವರಿಯಿತು. 1993ರ ಸರಕಾರಿ ಆದೇಶದ ಬಳಿಕ ಬಂದ ಗ್ರಾಮ ಅರಣ್ಯ ಸಮಿತಿಯ ಮೂಲಕ ಅರಣ್ಯ ಇಲಾಖೆಯ ಒಪ್ಪಿಗೆಯನ್ನೂ ಪಡೆದೆವು.

ಸೊಪ್ಪು ಕಡಿಯುವುದಕ್ಕೆ ಮಾಡಿಕೊಂಡ ಕಟ್ಟಳೆ ಸರಳವಾದದ್ದು: ಇಡೀ ಬೆಟ್ಟವನ್ನು ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲಿನಲ್ಲಿ ಮಾತ್ರ ಸವರುವುದು, ಮರದ ಮೇಲಿನ ಮೂರನೆಯ ಒಂದು ಭಾಗವನ್ನು ಮುಟ್ಟದಿರುವುದು. ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಗಾಯ ಮಾಡಿ, ಆಮೇಲೆ ಮೇಲಿನಿಂದ ಕಡಿದರೆ ಸಿಪ್ಪೆ ಕಾಂಡದುದ್ದಕ್ಕೂ ಸೀಳಿ ಇಳಿಯುವುದಿಲ್ಲ, ಮರುಮಳೆಗೆ ಅಲ್ಲೇ ಚಿಗುರು ಒಡೆಯುತ್ತದೆ. ಇದನ್ನು ಮರ ಹತ್ತುವವರೇ ನಮಗೆ ತೋರಿಸಿದರು, ನಾವು ಅವರಿಗೆ ಕಲಿಸಿದ್ದಲ್ಲ. ದರಕನ್ನು ಗುಡಿಸುವಾಗ ಅಡಿಯ ಪದರ ಬಿಡಬೇಕೆಂದಾಯಿತು. ಬಿಟ್ಟ ಕಡೆ ಮೇಲಿನ ಒಣ ಎಲೆ ಸರಿಸಿದರೆ ಕೆಳಗೆ ಕೊಳೆತ ಎಲೆಗಳನ್ನು ಹೆಣೆದುಕೊಂಡ ಬಿಳಿ ಶಿಲೀಂಧ್ರದ ಎಳೆಗಳು, ಅದರಡಿಯಲ್ಲಿ ದೀಪಾವಳಿ ಕಳೆದರೂ ಆರದ ಕರಿಮಣ್ಣು ಸಿಗುತ್ತದೆ.

ಇಂಗುಗುಂಡಿಗಳ ವಿಷಯದಲ್ಲಿ ಉತ್ಸಾಹಕ್ಕಿಂತ ಎಚ್ಚರ ಮುಖ್ಯ. 10 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಒಂದು ಅಗಳ (ಉದ್ದನೆಯ ಗುಂಡಿ) ಒಮ್ಮೆಗೆ ಸುಮಾರು 1130 ಲೀಟರ್ ಹಿಡಿಯುತ್ತದೆ. ಗಳಗಳಿಂದ ಮುಕ್ಕೋಲು ಕಟ್ಟಿ, ನಡುವೆ ಕಲ್ಲು ತೂಗುಬಿಟ್ಟು ಸಮಮಟ್ಟ ಹುಡುಕಿ, ಇಳಿಜಾರಿಗೆ ಅಡ್ಡಲಾಗಿ ಒಂದರ ಕೆಳಗೊಂದು ಬಾರದಂತೆ ಬಿಟ್ಟುಬಿಟ್ಟು ತೋಡಿದೆವು. ತೆಗೆದ ಮಣ್ಣನ್ನು ಕೆಳಬದಿಗೆ ಏರಿಯಾಗಿ ಹಾಕಿ ಅದರ ಮೇಲೆ ಮುರುಗಲು, ನೇರಳೆ, ಅಪ್ಪೆಮಿಡಿ ಸಸಿ ನೆಟ್ಟೆವು. ಕಡಿದಾದ ಜಾಗದಲ್ಲಿ ಗುದ್ದಲಿ ಹಾಕಲಿಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಮೇಲಂತೂ ಸಡಿಲ ಮಣ್ಣಿನ ಇಳಿಜಾರಿನಲ್ಲಿ ನೀರು ನಿಲ್ಲಿಸುವ ಮಾತನ್ನು ನಮ್ಮಲ್ಲಿ ಯಾರೂ ಎತ್ತಿಲ್ಲ. ಅಲ್ಲಿ ಹುಲ್ಲು ಮತ್ತು ಬೇರು ಸಾಕು.

ತೋಟದೊಳಗೆ ಬದಲಾದದ್ದು ಕಡಿಮೆ. ಅಡಿಕೆಯ ಕೊಳೆ ರೋಗಕ್ಕೆ ಇಂದಿಗೂ ಬೋರ್ಡೋ ದ್ರಾವಣವನ್ನೇ ಹೊಡೆಯುತ್ತೇವೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದೆಂದು ಅರ್ಥ. ಆದರೆ ಉಳಿದ ದ್ರಾವಣ ಚೆಲ್ಲುವುದನ್ನೂ ಡ್ರಮ್ಮು ತೊಳೆಯುವುದನ್ನೂ ಹಳ್ಳದ ದಂಡೆಯಲ್ಲಿ ಮಾಡಕೂಡದು. ತಾಮ್ರ ಮೀನುಗಳಿಗೆ ವಿಷ. ಮೀನು ಹಿಡಿಯುವ ಮನೆಯವರು ಸಭೆಯಲ್ಲಿ ಇದ್ದದ್ದರಿಂದ ಬಂದ ನಿಯಮವಿದು.

ಬೆಂಕಿಯ ಕಾವಲಿಗೆ ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಪಾಳಿ ಇದೆ. ಹಳ್ಳ ಈಗ ಯುಗಾದಿಯ ಆಸುಪಾಸಿನವರೆಗೆ ಹರಿಯುತ್ತದೆ, ಮಳೆ ಮುಂಚೆಯೇ ಕೈಕೊಟ್ಟ ವರ್ಷಗಳಲ್ಲಿ ಅಷ್ಟು ದಿನ ನಿಲ್ಲುವುದಿಲ್ಲ. ತಂದೆಯವರ ಕಾಲದ ಅಬ್ಬಿ ಮರಳಿಲ್ಲ. ಮೇಲಾಗಿ ಹೊಸ ತೊಡಕೊಂದು ಎದುರಾಗಿದೆ: ಕೊಟ್ಟಿಗೆಗಳು ಖಾಲಿಯಾಗುತ್ತಿವೆ, ಸೊಪ್ಪು ಹಾಸಿ ಗೊಬ್ಬರ ಮಾಡುವ ಮನೆಗಳು ಕಡಿಮೆಯಾಗಿವೆ, ಸವಲತ್ತಿನ ವಾರಸುದಾರರಲ್ಲಿ ಹಲವರು ಬೆಂಗಳೂರಿನಲ್ಲಿದ್ದಾರೆ. ಅವರ ಪಾಲಿನ ಕಾವಲಿಗೆ ಆಳು ಇಡುವುದೋ, ಆ ಬೆಟ್ಟದ ದರಕನ್ನು ದನ ಸಾಕುವವರಿಗೆ ಬಿಟ್ಟುಕೊಟ್ಟು ಅವರಿಂದಲೇ ಕಾವಲು ಕಾಯಿಸುವುದೋ ಎಂಬುದು ಈ ಸಲದ ಸಭೆಯಲ್ಲಿ ಇತ್ಯರ್ಥವಾಗಿಲ್ಲ. ನಾನು ಎರಡನೆಯದರ ಪರ.