ಡಾಕ್ಸಿ ಮಾತ್ರೆ ಶುರು ಮಾಡಿದಿರಾ? ಗಡಿಯಾರ ನೋಡಿಕೊಳ್ಳಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಬರುವ ಅಮ್ಮಂದಿರು ಈಗ ಕೊಪ್ಪ, ಮೂಡಿಗೆರೆ, ಚಿಕ್ಕಮಗಳೂರಿನ ಬೀದಿಬೀದಿಯಲ್ಲೂ ಸಿಗುತ್ತಾರೆ. ಕನೆಕ್ಟಿಕಟ್ಟೋ ನ್ಯೂಜೆರ್ಸಿಯೋ, ಹಿತ್ತಲಿಗೇ ಜಿಂಕೆ ಬರುವ ಊರು. ಬೇಸಿಗೆಯಲ್ಲಿ ಅಲ್ಲಿಯ ಹುಲ್ಲಿನ ಮೇಲೆ ಓಡಾಡಿ ಊರಿಗೆ ಬಂದಮೇಲೆ ತೊಡೆಯ ಮೇಲೊಂದು ಕೆಂಪು ಉಂಗುರ. ನೋವಿಲ್ಲ, ತುರಿಕೆಯೂ ಅಷ್ಟಾಗಿ ಇಲ್ಲ, ದಿನದಿಂದ ದಿನಕ್ಕೆ ಅಗಲವಾಗುತ್ತದೆ. ಇದು ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಯ ಗುರುತು. ಕಚ್ಚಿದ 3ರಿಂದ 30 ದಿನದೊಳಗೆ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಇದನ್ನು ಹುಳಕಡ್ಡಿ ಎಂದುಕೊಂಡು ಮುಲಾಮು ಹಚ್ಚಿಬಿಡುವುದೇ ಹೆಚ್ಚು. ಉಂಗುರದ ಫೋಟೊ ತೆಗೆದಿಟ್ಟುಕೊಂಡು, ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ಹೇಳಿ.

ಅವರು ಸಾಮಾನ್ಯವಾಗಿ ಬರೆದುಕೊಡುವುದು ಡಾಕ್ಸಿಸೈಕ್ಲಿನ್ (ಡಾಕ್ಸಿ) ಎಂಬ ಆ್ಯಂಟಿಬಯಾಟಿಕ್, 100 ಮಿಲಿಗ್ರಾಂ, ದಿನಕ್ಕೆರಡು, 10ರಿಂದ 14 ದಿನ. ಇದೇ ಮಾತ್ರೆಯನ್ನು ಇಲ್ಲಿ ಇಲಿ ಜ್ವರಕ್ಕೂ, ಪೊದೆಯ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೂ ಕೊಡುತ್ತಾರೆ. ಹಾಗಾಗಿ ಅಮೆರಿಕ ನೋಡದ ಗದ್ದೆ, ತೋಟದವರಿಗೂ ಮುಂದಿನ ಮಾತು ಅನ್ವಯಿಸುತ್ತದೆ.

ಮಾತ್ರೆ ಶುರುವಾದ ಮೇಲೆ ಮೈ ಕೆಟ್ಟರೆ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ‘ಔಷಧಿ ಹೀಟು, ನಿಲ್ಸು’ ಅನ್ನುವವರು ಕೆಲವರು. ‘ರೋಗಾಣು ಸಾಯ್ತಾ ಇದೆ, ತಡ್ಕೋ’ ಅನ್ನುವವರು ಇನ್ನು ಕೆಲವರು. ಯಾರ ಮಾತು ಸರಿ ಎಂಬುದು ತೊಂದರೆ ಶುರುವಾದ ಹೊತ್ತಿನಿಂದ ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೊದಲು ಹೇಳಬೇಕಾದ್ದು, ಬರೆಯಬೇಕಾದ್ದು

ಬಸುರಿಯರು, ಎದೆಹಾಲುಣಿಸುವವರು, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು, ಹಿಂದೆ ಯಾವುದಾದರೂ ಆ್ಯಂಟಿಬಯಾಟಿಕ್‌ಗೆ ಮೈಯೆಲ್ಲ ದದ್ದು ಎದ್ದವರು ಚೀಟಿ ಬರೆಯುವ ಮೊದಲೇ ಅದನ್ನು ಹೇಳಬೇಕು. ಬೇರೆ ಔಷಧಿಗಳಿವೆ, ಲೈಮ್‌ಗೆ ಅಮಾಕ್ಸಿಸಿಲಿನ್ ಕೂಡ ಕೊಡುತ್ತಾರೆ.

ಆಮೇಲೆ ಗೋಡೆಯ ಕ್ಯಾಲೆಂಡರ್. ಹಾಲಿನ ಲೆಕ್ಕ ಬರೆಯುವ ಅದೇ ಚೌಕದಲ್ಲಿ ಮಾತ್ರೆ ನುಂಗಿದ ಹೊತ್ತು, ಜ್ವರ ಎಷ್ಟು, ಏನು ತೊಂದರೆ, ಎಷ್ಟು ಹೊತ್ತಿಗೆ ಎಂದು ಗೀಚಿಡಿ. ‘ಮೊನ್ನೆಯಿಂದ ಯಾಕೋ ಸರಿಯಿಲ್ಲ ಡಾಕ್ಟ್ರೇ’ ಎಂಬುದಕ್ಕಿಂತ ‘ಬೆಳಿಗ್ಗೆ 8ಕ್ಕೆ ಮಾತ್ರೆ, 11ಕ್ಕೆ ಚಳಿ’ ಎಂಬ ಒಂದು ಸಾಲು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನುಂಗುವ ರೀತಿ

ಅರ್ಧ ತೊಂದರೆ ಇಲ್ಲಿಯೇ ತಪ್ಪುತ್ತದೆ. ರಾತ್ರಿ ಹಾಸಿಗೆಯ ಮೇಲೆ ಕೂತು, ಒಂದು ಗುಟುಕು ನೀರಲ್ಲಿ ಕ್ಯಾಪ್ಸೂಲ್ ನುಂಗಿ, ಹಾಗೇ ಮಲಗಿಬಿಟ್ಟರೆ ಅದು ಅನ್ನನಾಳದ ಗೋಡೆಗೆ ಅಂಟಿ ಅಲ್ಲೇ ಕರಗುತ್ತದೆ. ಡಾಕ್ಸಿಯ ಗುಣ ಆಮ್ಲದ್ದು. ಒಳಚರ್ಮ ಸುಟ್ಟು ಹುಣ್ಣಾಗುತ್ತದೆ. ಮಾರನೇ ದಿನ ಎಂಜಲು ನುಂಗಿದರೂ ಎದೆಗೂಡಿನ ನಡುವೆ ಚುಚ್ಚುತ್ತದೆ. ಹೃದಯದ ನೋವೇ ಇರಬೇಕೆಂದು ಗಾಬರಿಬಿದ್ದು ಇಸಿಜಿಗೆ ಓಡುವವರೂ ಇದ್ದಾರೆ. ಓಡಿದ್ದು ತಪ್ಪಲ್ಲ, ಆದರೆ ಮಾತ್ರೆ ನುಂಗಿದ ರೀತಿಯನ್ನೂ ಅಲ್ಲಿ ಹೇಳಿ. ಒಂದು ದೊಡ್ಡ ಲೋಟ ತುಂಬ ನೀರು ಕುಡಿಯಿರಿ, ನುಂಗಿದ ಮೇಲೆ ಅರ್ಧ ಗಂಟೆಯಾದರೂ ಕೂತಿರಿ ಇಲ್ಲವೇ ಓಡಾಡಿ. ರಾತ್ರಿಯದನ್ನು ಮಲಗುವ ಹೊತ್ತಿಗೆ ಬಿಡದೆ ಊಟದ ಜೊತೆಗೇ ಮುಗಿಸಿ.

ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಓಕರಿಕೆ ಬರುವ ಸಂಭವ ಹೆಚ್ಚು. ಎರಡು ಕಡುಬೋ ಒಂದು ಅಕ್ಕಿ ರೊಟ್ಟಿಯೋ ಹೊಟ್ಟೆಗೆ ಬೀಳಲಿ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಹೊಟ್ಟೆ ಉರಿಗೆ ಕುಡಿಯುವ ಆ್ಯಂಟಾಸಿಡ್ ಮಾತ್ರ ಜೊತೆಯಲ್ಲಿ ಬೇಡ. ಅವು ಡಾಕ್ಸಿಗೆ ಅಂಟಿಕೊಂಡು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಎರಡು ಮೂರು ಗಂಟೆ ಅಂತರವಿರಲಿ. ಓಕರಿಕೆ ಬಂತೆಂದು ಆ್ಯಂಟಾಸಿಡ್ ಕುಡಿದು, ಅದರ ಹಿಂದೆಯೇ ಡಾಕ್ಸಿ ನುಂಗುವುದು ನಮ್ಮಲ್ಲಿ ತೀರಾ ಮಾಮೂಲು. ಹಾಲಿನ ಅಡ್ಡಿ ಇವುಗಳಷ್ಟಿಲ್ಲ, ಆದರೂ ಲೋಟಗಟ್ಟಲೆ ಹಾಲು, ರಾಗಿ ಅಂಬಲಿ ಬೇರೆ ಹೊತ್ತಿಗಿರಲಿ.

ಮರೆತರೆ ನೆನಪಾದಾಗ ನುಂಗಿ. ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ.

ಮೊದಲ 24 ಗಂಟೆ

ಮೊದಲ ಮಾತ್ರೆ ಹೊಟ್ಟೆಗೆ ಬಿದ್ದ ಕೆಲವೇ ಗಂಟೆಗಳಲ್ಲಿ ಗಡಗಡ ಚಳಿ, ಜ್ವರ, ಮೈಕೈ ನೋವು, ತಲೆನೋವು ಬರಬಹುದು. ಇದ್ದ ಉಂಗುರ ಇನ್ನಷ್ಟು ಕೆಂಪಾಗಬಹುದು. ಇದಕ್ಕೆ ಯಾರಿಶ್–ಹೆರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂದು ಹೆಸರು. ಆಸ್ಟ್ರಿಯಾದ ವೈದ್ಯ ಯಾರಿಶ್ 1895ರಲ್ಲಿ, ಫ್ರಾಂಕ್‌ಫರ್ಟಿನ ಹೆರ್ಕ್ಸ್‌ಹೈಮರ್ 1902ರಲ್ಲಿ ಇದನ್ನು ಬರೆದಿಟ್ಟದ್ದು ಸಿಫಿಲಿಸ್ ರೋಗಿಗಳನ್ನು ನೋಡಿ. ಆಗಿನ ಮದ್ದು ಪಾದರಸ. ಸಿಫಿಲಿಸ್, ಲೈಮ್, ಇಲಿ ಜ್ವರ ಮೂರರ ರೋಗಾಣುವೂ ಸುರುಳಿ ಆಕಾರದ ಬ್ಯಾಕ್ಟೀರಿಯಾ. ಅವು ಒಮ್ಮೆಗೇ ಸತ್ತು ಚೂರುಗಳು ರಕ್ತಕ್ಕೆ ಸೇರಿದಾಗ ದೇಹ ಕೆರಳುತ್ತದೆ. ಎಲ್ಲರಿಗೂ ಆಗುವುದಿಲ್ಲ, ಶುರುವಿನ ಹಂತದ ಲೈಮ್‌ನಲ್ಲಿ ನೂರಕ್ಕೆ ಸುಮಾರು 15 ಮಂದಿಗೆ. ಒಂದು ದಿನದೊಳಗೆ ತಾನೇ ಇಳಿಯುತ್ತದೆ. ಹೊದ್ದು ಮಲಗಿ, ಗಂಜಿ ನೀರು ಕುಡಿದು, ಡಾಕ್ಟರು ಹೇಳಿದಷ್ಟು ಪ್ಯಾರಾಸಿಟಮಾಲ್ ನುಂಗಿದರೆ ಸಾಕು. ಡಾಕ್ಸಿ ನಿಲ್ಲಿಸಬೇಡಿ.

ಇದು ಅಲರ್ಜಿಯಲ್ಲ. ಗಂಧೆ ಎದ್ದು ತುರಿಕೆ, ತುಟಿ ಮುಖ ಊತ, ಉಸಿರಿಗೆ ಕಟ್ಟಿದಂತೆ ಆದರೆ ಅದು ಅಲರ್ಜಿ; ಮಾತ್ರೆ ನಿಲ್ಲಿಸಿ 108ಕ್ಕೆ ಕರೆ ಮಾಡಿ. ಚಳಿಯ ಜೊತೆ ತಲೆಸುತ್ತಿ ಬಿದ್ದರೂ ಕಾಯಬೇಡಿ, ರಕ್ತದೊತ್ತಡ ಇಳಿದಿರಬಹುದು. ಎಸ್ಟೇಟಿನ ಒಳಗಿನ ಮನೆಗಳಿಂದ ಸಂಜೆಯ ಮೇಲೆ ಪೇಟೆ ಮುಟ್ಟುವ ಕಷ್ಟ ಗೊತ್ತಿದ್ದವರಿಗೆ ನನ್ನ ಸಲಹೆ: ಉಂಗುರ ಒಂದೇ ಇದ್ದು ಆರಾಮಾಗಿದ್ದರೆ, ಮೊದಲ ಮಾತ್ರೆ ಬೆಳಿಗ್ಗೆ ನುಂಗಲೇ ಎಂದು ಡಾಕ್ಟರನ್ನು ಕೇಳಿ. ಇಲಿ ಜ್ವರದಂಥದ್ದರಲ್ಲಿ ಹಾಗೆ ಬೆಳಗಿನವರೆಗೆ ಕಾಯುವಂತಿಲ್ಲ.

ಸ್ಕ್ರಬ್ ಟೈಫಸ್‌ನ ಲೆಕ್ಕ ಬೇರೆ. ಅಲ್ಲಿ ಡಾಕ್ಸಿ ಶುರುವಾದ 48 ಗಂಟೆಯೊಳಗೆ ಸಾಮಾನ್ಯವಾಗಿ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ರೋಗವೇ ಬೇರೆಯೇನೋ ಎಂದು ಡಾಕ್ಟರು ಮತ್ತೆ ಯೋಚಿಸಬೇಕಾಗುತ್ತದೆ.

ಬಿಸಿಲು, ಹೊಟ್ಟೆ

ಕಾಫಿ ಒಣಗಿಸುವ ಕಣದಲ್ಲಿ ನಿಲ್ಲುವವರಿಗೆ ಮುಖ್ಯ ತೊಂದರೆ ಬಿಸಿಲು. ಡಾಕ್ಸಿ ನುಂಗುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಮೂಗು, ಕುತ್ತಿಗೆ, ಅಂಗೈ ಹಿಂಭಾಗ ಉರಿದು ಕೆಂಪಾಗುತ್ತವೆ, ಕೆಲವರ ಉಗುರೇ ಮೇಲೇಳುತ್ತದೆ. ಅಡಿಕೆ ಹಾಳೆಯ ಟೊಪ್ಪಿ ತಲೆ ಕಾಯುತ್ತದೆ, ಮೂಗು ಕಾಯುವುದಿಲ್ಲ. ತುಂಬು ತೋಳಿನ ಅಂಗಿ ಹಾಕಿ, ಸಾಧ್ಯವಾದರೆ ಆ ದಿನಗಳಲ್ಲಿ ನೆರಳಿನ ಕೆಲಸ ಕೇಳಿ.

ಸ್ವಲ್ಪ ಭೇದಿ ಸಹಜ. ನೀರಿನಂತೆ ಪದೇಪದೇ ಹೋದರೆ, ರಕ್ತ ಕಂಡರೆ ಆಸ್ಪತ್ರೆಗೆ ಹೋಗಿ. ಕೋರ್ಸ್ ಮುಗಿದು ವಾರಗಳ ಮೇಲೂ ಹೀಗಾಗಬಹುದು. ಹೆಂಗಸರಿಗೆ ಬಿಳಿಸೆರಗು, ತುರಿಕೆ ಬಂದರೆ ಸಂಕೋಚಪಟ್ಟು ಮುಚ್ಚಿಡಬೇಕಿಲ್ಲ, ಅದು ಸುಲಭದಲ್ಲಿ ವಾಸಿಯಾಗುವ ಶಿಲೀಂಧ್ರದ ಸೋಂಕಿರಬಹುದು. ಜೋರು ತಲೆನೋವಿನ ಜೊತೆ ಕಣ್ಣು ಮಂಜಾದರೆ ಮಾತ್ರ ಅದೇ ದಿನ ತೋರಿಸಬೇಕು.

ವಾರ ಕಳೆದ ಮೇಲೂ ಹೆಚ್ಚಾದರೆ

‘ರೋಗಾಣು ಸಾಯ್ತಾ ಇದೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಆ ಪ್ರತಿಕ್ರಿಯೆಯ ಹೊತ್ತು ಮೊದಲ ದಿನಕ್ಕೇ ಮುಗಿಯಿತು. ಹತ್ತನೇ ದಿನ ಹೊಸದಾಗಿ ಬಾಯಿ ಸೊಟ್ಟಗಾದರೆ, ಎದೆ ಹೊಡೆತ ತಪ್ಪಿದಂತಾದರೆ, ಮಂಡಿ ಊದಿದರೆ ಅದು ಲೈಮ್ ನರಕ್ಕೆ, ಹೃದಯಕ್ಕೆ, ಕೀಲಿಗೆ ಇಳಿದ ಸೂಚನೆಯಿರಬಹುದು. ಕ್ಯಾಲೆಂಡರಿನ ಹಾಳೆ ಸಮೇತ ಹೋಗಿ ತೋರಿಸಿ.

ಕೋರ್ಸ್ ಮುಗಿದ ಮೇಲೂ ನೂರಕ್ಕೆ 5ರಿಂದ 10 ಜನರಿಗೆ ಸುಸ್ತು, ಮೈಕೈ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಸೋಗಲ್ಲ, ನಿಜವಾದ ನೋವು. ಹಾಗೆಂದು ಆ್ಯಂಟಿಬಯಾಟಿಕ್ ಮುಂದುವರಿಸುವುದರಿಂದ ಅದು ಹೋಗುವುದಿಲ್ಲ. 2001ರಲ್ಲಿ ಅಮೆರಿಕದಿಂದ, 2016ರಲ್ಲಿ ನೆದರ್ಲೆಂಡ್ಸ್‌ನಿಂದ ಪ್ರಕಟವಾದ ಪ್ರಯೋಗಗಳಲ್ಲಿ ವಾರಗಟ್ಟಲೆ ಹೆಚ್ಚುವರಿ ಔಷಧಿ ಪಡೆದವರಿಗೆ ಪಡೆಯದವರಿಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಉಳಿದ ಮಾತ್ರೆಯನ್ನು ಪಕ್ಕದ ಮನೆಗೆ ಕೊಡಬೇಡಿ. ಕೊಪ್ಪ, ಎನ್.ಆರ್. ಪುರದ ಕಡೆ ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅದು ಮಂಗನ ಕಾಯಿಲೆಯಿರಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗವೂ ಉಣುಗಿನಿಂದಲೇ ಬರುವುದು, ಆದರೆ ರೋಗಾಣು ವೈರಸ್, ಡಾಕ್ಸಿಗೆ ಬಗ್ಗುವುದಿಲ್ಲ. ಆ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಕೂಡ ನುಂಗಬಾರದು, ರಕ್ತಸ್ರಾವದ ಅಪಾಯವಿದೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋದ ದಿನವನ್ನೂ ಉಣುಗು ಕಚ್ಚಿದ್ದನ್ನೂ ಹೇಳಿ ರಕ್ತ ಪರೀಕ್ಷೆಗೆ ಕೊಡಿ.