ವರದಿಗಿಂತ ಮೊದಲು ಅಂಕಿ: ಸ್ಟ್ರಕ್ಚರಲ್ ಆಡಿಟ್‌ನಲ್ಲಿ ನನ್ನ ಅನುಭವ

ಮುಂಬಯಿಯ ಚೆಂಬೂರಿನಲ್ಲಿರುವ ಮೂವತ್ತೆರಡು ಮನೆಗಳ ಒಂದು ಸೊಸೈಟಿಗೆ ನಾನು ಬರೆದುಕೊಟ್ಟ ಸಿ-2ಬಿ ವರದಿಯು, ಎಂದರೆ ಮನೆ ಖಾಲಿ ಮಾಡದೆ ದುರಸ್ತಿ ಮಾಡಿದರೆ ಸಾಕೆಂಬ ವರದಿಯು, ಕಳೆದ ವರ್ಷ ಮಹಾನಗರಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಯ ಮುಂದೆ ಅಲುಗದೆ ನಿಂತಿತು. ಅದೇ ಕಟ್ಟಡಕ್ಕೆ ಬೇರೊಬ್ಬ ಇಂಜಿನಿಯರರು ಸಿ-1, ಎಂದರೆ ಖಾಲಿ ಮಾಡಿಸಿ ಕೆಡವಬೇಕೆಂದು, ಬರೆದಿದ್ದರು. ಆರು ವರ್ಷಗಳ ಹಿಂದೆ ಮಾಟುಂಗಾದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತ, "ಹೀಗೆ ಮಾಡಿದರೆ ನಿಮಗೆ ಯಾರೂ ಕೆಲಸ ಕೊಡುವುದಿಲ್ಲ ರಾಯರೇ" ಎಂದು ಎಚ್ಚರಿಸಿದ್ದ ಕಸುಬಿನ ಗೆಳೆಯರೇ ಈಗ ಆ ಕ್ರಮವನ್ನು ಬರೆದುಕೊಡಿ ಎನ್ನುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಪರೀಕ್ಷೆಗಳನ್ನು ಹೇಗೆ ಮಾಡಬೇಕೆಂಬುದು ಇದನ್ನು ಓದುವವರಿಗೆ ತಿಳಿದೇ ಇದೆ. ಅದನ್ನು ಬಿಟ್ಟು, ಅಂಕಿಗಳನ್ನು ಬರೆಯುವ ಕೈಯನ್ನು ಯಾರೂ ಹಿಡಿಯದಂತೆ ನೋಡಿಕೊಂಡದ್ದು ಹೇಗೆಂಬುದನ್ನಷ್ಟೇ ಹೇಳುತ್ತೇನೆ.

ನಮ್ಮ ಕಸುಬಿನಲ್ಲಿ ಹಣ ಕೊಡುವವರು ಒಬ್ಬರು, ಸ್ಲ್ಯಾಬಿನ ಕೆಳಗೆ ಮಲಗುವವರು ಇನ್ನೊಬ್ಬರು. ಹಳೆಯ ಕಟ್ಟಡದ ಗಟ್ಟಿತನದ ಆಡಿಟ್ ಮಾಡಿಸಿ ಎನ್ನುವ ಪಾಲಿಕೆಯ 353-ಬಿ ನೋಟಿಸು ಬಂದ ಕೂಡಲೇ ಎರಡು ಕಡೆಯಿಂದ ಫೋನು ಬರುತ್ತದೆ. ಕಟ್ಟಡ ಕೆಡವಿ ಹೊಸದು ಕಟ್ಟಬೇಕೆಂಬ ಬಿಲ್ಡರನಿಗೆ ಗಟ್ಟಿ ಕಟ್ಟಡವೂ ಸಿ-1 ಆಗಬೇಕು. ಮನೆ ಬಿಟ್ಟು ಹೋಗಲಾರದವರಿಗೆ ಕುಸಿಯುವ ಕಟ್ಟಡವೂ ಸಿ-2ಬಿ ಆಗಬೇಕು. ನಡುವೆ ಕೆಲಸ ತಂದುಕೊಟ್ಟವರ ಪಾಲು ಎಂಬುದೊಂದಿದೆ, ಅದು ಹತ್ತರಿಂದ ಇಪ್ಪತ್ತು ಶೇಕಡಾವರೆಗೆ ಹೋಗುತ್ತದೆ. ನಾನು ಲಂಚ ಮುಟ್ಟಿದವನಲ್ಲ. ಅಷ್ಟರಿಂದಲೇ ನನ್ನ ಕೆಲಸ ಶುದ್ಧವಾಗಿದೆ ಎಂದು ಬಹಳ ಕಾಲ ನಂಬಿದ್ದೆ.

ಆ ನಂಬಿಕೆ ಹೋದದ್ದು 2012ರಲ್ಲಿ. ಪೂರ್ವ ಉಪನಗರದ ಒಂದು ಸೊಸೈಟಿಯ ವರದಿಯಲ್ಲಿ ಹಿಂಬದಿಯ ಛಜ್ಜಾಗಳನ್ನು "ಕೂಡಲೇ" ಒಡೆದು ತೆಗೆಯಬೇಕೆಂದು ಬರೆದಿದ್ದೆ. ಊರಿನ ಕಡೆಯವರೇ ಆಗಿದ್ದ ಚೇರ್ಮನ್ನರು ಮನೆಗೆ ಬಂದು, ಈ ವರ್ಷ ನಿಧಿಯಲ್ಲಿ ಹಣವಿಲ್ಲ, ಆ ಒಂದು ಪದವನ್ನು "ಸಾಧ್ಯವಾದಷ್ಟು ಬೇಗ" ಎಂದು ತಿದ್ದಿಕೊಡಿ ಎಂದು ಕೇಳಿದರು. ಹಣ ಕೊಡಲಿಲ್ಲ, ಬೆದರಿಸಲಿಲ್ಲ, ಕೈಮುಗಿದರು. ನಾನು ತಿದ್ದಿಕೊಟ್ಟೆ. ಜುಲೈ ತಿಂಗಳ ಒಂದು ಬೆಳಗ್ಗೆ ಆ ಛಜ್ಜಾ ಬಿದ್ದು ಕಾವಲುಗಾರನ ಕಾಲು ಮುರಿಯಿತು. ಸರಳು ಹಾಕಿ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು; ಖರ್ಚಿನಲ್ಲಿ ಸುಮಾರು ಎಪ್ಪತ್ತು ಸಾವಿರ ನಾನು ಕೊಟ್ಟೆ. ಅವನು ಆಮೇಲೆ ಊರಿಗೆ ಹೋದವನು ಮರಳಿ ಬರಲಿಲ್ಲ. ಕಾಗದದ ಮೇಲೆ ನನ್ನ ತಪ್ಪೇನೂ ಇರಲಿಲ್ಲ. ಆ ಪದವನ್ನು ತಿದ್ದುವಾಗ ನನಗೆ ಹಿಂಜರಿಕೆಯೂ ಆಗಿರಲಿಲ್ಲವೆಂಬುದು ಇಂದಿಗೂ ನನ್ನನ್ನು ಕೊರೆಯುತ್ತದೆ. ಮನಸ್ಸು ಒಳ್ಳೆಯದಿದ್ದರೂ ಕೈ ಹೀಗೆ ಜಾರುವುದಾದರೆ, ಜಾರಲು ಜಾಗವೇ ಇಲ್ಲದಂತೆ ಕೆಲಸದ ಕ್ರಮವನ್ನೇ ಕಟ್ಟಬೇಕೆಂದು ಆಗ ತೋರಿತು. ಆದರೆ ತೋರಿದ್ದನ್ನು ಮಾಡಲು ಮತ್ತೆ ಆರು ವರ್ಷ ಹಿಡಿಯಿತು.

2018ರಿಂದ ನಡೆಸುತ್ತಿರುವ ಕ್ರಮ ಹೀಗಿದೆ. ಆಡಿಟ್ ಶುಲ್ಕವನ್ನು ಪ್ರತಿ ಮನೆಯಿಂದಲೂ ಸಮನಾಗಿ ಎತ್ತಿ ಸೊಸೈಟಿಯ ಖಾತೆಯಿಂದಲೇ ಚೆಕ್ಕಿನಲ್ಲಿ ಕೊಡಬೇಕು. ಬಿಲ್ಡರನ ಹಣವಾಗಲಿ, ಒಬ್ಬ ಶ್ರೀಮಂತ ಸದಸ್ಯನ ಉದಾರತೆಯಾಗಲಿ ನಡೆಯದು. ಚೆಂಬೂರಿನಲ್ಲಿ ಮನೆಯೊಂದಕ್ಕೆ ಎರಡು ಸಾವಿರದಂತೆ ಅರವತ್ತನಾಲ್ಕು ಸಾವಿರ ಆಯಿತು. ಮುಕ್ಕಾಲು ಪಾಲು ಪರೀಕ್ಷೆಗೆ ಮೊದಲು, ಉಳಿದದ್ದು ಅಂಕಿಗಳನ್ನು ಸೂಚನಾ ಫಲಕಕ್ಕೆ ಅಂಟಿಸಿದ ದಿನ. ವರದಿ ಬರೆಯಲು ಕುಳಿತಾಗ ನನಗೆ ಬರಬೇಕಾದ ಹಣ ಒಂದು ರೂಪಾಯಿಯೂ ಬಾಕಿ ಇರುವುದಿಲ್ಲ. ಯಾವ ಕಂಬಗಳನ್ನು ಪರೀಕ್ಷಿಸಬೇಕೆಂಬುದಕ್ಕೆ ಚೀಟಿ ಎತ್ತಿಸುತ್ತೇನೆ. ಶೌಚಾಲಯದ ಪಕ್ಕದ ಕಂಬಗಳು, ನೀರಿನ ಟ್ಯಾಂಕಿನ ಕೆಳಗಿನವು, ನೆಲಮಹಡಿಯ ಮೂಲೆಯವು ಚೀಟಿಯಿಲ್ಲದೆಯೇ ಸೇರುತ್ತವೆ. ಪ್ರತಿ ಅಂಕಿಯನ್ನೂ ಅಲ್ಲಿಯೇ ಶಾಯಿಯಲ್ಲಿ ಬರೆದು, ಜೊತೆಗಿದ್ದ ಇಬ್ಬರು ನಿವಾಸಿಗಳಿಂದ ಸಹಿ ಹಾಕಿಸುತ್ತೇನೆ. ಎಲ್ಲ ಅಂಕಿಗಳೂ ಫಲಕದ ಮೇಲೆ ಏಳು ದಿನ ಇದ್ದ ಬಳಿಕವೇ ವರದಿ. ಎಲ್ಲರೂ ನೋಡಿದ ಅಂಕಿಗಳ ಮೇಲೆ ಬೇರೆ ತೀರ್ಮಾನ ಬರೆಯುವುದು ನನಗೂ ಸಾಧ್ಯವಾಗುವುದಿಲ್ಲ.

ಇನ್ನೊಂದು ಷರತ್ತು ಇದೆ, ಗೆಳೆಯರು ಇಲ್ಲಿಯೇ ಹಿಂದೆ ಸರಿಯುತ್ತಾರೆ: ಆಡಿಟ್ ಮಾಡಿದ ಕಟ್ಟಡದ ದುರಸ್ತಿಯ ಮೇಲುಸ್ತುವಾರಿಯನ್ನು ನಾನು ವಹಿಸಿಕೊಳ್ಳುವುದಿಲ್ಲ. ನಿಜವಾದ ಹಣ ಇರುವುದು ಅದರಲ್ಲಿಯೇ. ಚೆಂಬೂರಿನ ದುರಸ್ತಿಗೆ ಒಂದು ಕೋಟಿ ಹತ್ತು ಲಕ್ಷದ ಆಸುಪಾಸು ಖರ್ಚಾಯಿತು. ಮೇಲುಸ್ತುವಾರಿಗೆ ಅದರ ನಾಲ್ಕು ಶೇಕಡಾ ಎಂದರೂ ನಾಲ್ಕೂವರೆ ಲಕ್ಷದ ಹತ್ತಿರ ಕೈಬಿಟ್ಟಂತಾಯಿತು. ಆದರೆ ದುರಸ್ತಿ ದೊಡ್ಡದಾದಷ್ಟೂ ತನಗೆ ಲಾಭವೆಂದು ತಿಳಿದಿರುವ ಇಂಜಿನಿಯರನು ಬಿರುಕನ್ನು ನೋಡುವ ಕಣ್ಣು ಬೇರೆಯಾಗಿರುತ್ತದೆ. ನನ್ನ ಹಳೆಯ ವರದಿಗಳನ್ನು ತೆಗೆದು ನೋಡಿದಾಗ ಅಗತ್ಯಕ್ಕಿಂತ ಹೆಚ್ಚು ಕಂಬಗಳಿಗೆ ಜಾಕೆಟಿಂಗ್ (ಸುತ್ತಲೂ ಹೊಸ ಕಾಂಕ್ರೀಟಿನ ಕವಚ) ಸೂಚಿಸಿದ್ದು ಕಡಿಮೆಯೆಂದರೂ ಮೂರು ಕಟ್ಟಡಗಳಲ್ಲಿ ಕಂಡಿತು.

ಮೊದಲ ಎರಡು ವರ್ಷ ಕೈ ಸುಟ್ಟಿತು. ವರ್ಷಕ್ಕೆ ಹದಿನೆಂಟು ಲಕ್ಷದವರೆಗೆ ಇದ್ದ ಆದಾಯ ಏಳಕ್ಕೆ ಇಳಿಯಿತು. ಮೂವರು ಸಹಾಯಕರಲ್ಲಿ ಇಬ್ಬರು ಬಿಟ್ಟುಹೋದರು. ಕಾಂಕ್ರೀಟಿನೊಳಗೆ ತರಂಗ ಹಾಯುವ ವೇಗದಿಂದ ಅದರ ಗುಣ ಅಳೆಯುವ ಅಲ್ಟ್ರಾಸಾನಿಕ್ ಯಂತ್ರವನ್ನು ಆಗಷ್ಟೇ ಕಂತಿನ ಮೇಲೆ ಮೂರು ಲಕ್ಷದಷ್ಟು ಕೊಟ್ಟು ತಂದಿದ್ದೆ. ಕಂತು ಕಟ್ಟಿದ್ದು ಹೆಂಡತಿಯ ಸಂಬಳದಿಂದ. ಅವಳು ಒಂದು ದಿನವೂ ಬಿಟ್ಟುಬಿಡಿ ಎನ್ನಲಿಲ್ಲ. ಆದರೆ ಮಗನ ಕಾಲೇಜು ಶುಲ್ಕದ ತಿಂಗಳಲ್ಲಿ ಬಿಲ್ಡರನೊಬ್ಬನ ಕಡೆಯವರು ಒಂದು ಸಹಿಗೆ ಹೇಳಿದ ಮೊತ್ತ ಆ ವರ್ಷದ ನನ್ನ ಇಡೀ ಗಳಿಕೆಗಿಂತ ಹೆಚ್ಚಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಅಂಕಿಗಳನ್ನು ಹಿಂದಿನ ದಿನವೇ ಫಲಕಕ್ಕೆ ಅಂಟಿಸಿ ಆಗಿತ್ತು. ನಾನು ಒಪ್ಪಿದ್ದರೂ ಏನೂ ಮಾಡುವಂತಿರಲಿಲ್ಲ. ನನ್ನ ಕ್ರಮ ನನ್ನನ್ನೇ ಕಾಪಾಡಿತು.

ಕ್ರಮವೂ ಮೊದಲ ಸಲವೇ ಸರಿಹೋಗಲಿಲ್ಲ. ಮುಲುಂಡಿನ ಒಂದು ಸೊಸೈಟಿಯಲ್ಲಿ ಅಂಕಿಗಳನ್ನು ಯಾವ ವಿವರಣೆಯೂ ಇಲ್ಲದೆ ಅಂಟಿಸಿಬಿಟ್ಟೆ. ಒಂದು ಕಂಬದಲ್ಲಿ ತರಂಗದ ವೇಗ ಸೆಕೆಂಡಿಗೆ 2.4 ಕಿಲೋಮೀಟರು ಎಂದಿತ್ತು. ಇಂಟರ್ನೆಟ್ಟಿನಲ್ಲಿ ಹುಡುಕಿದವರಿಗೆ 3ಕ್ಕಿಂತ ಕಡಿಮೆಯಾದರೆ ಸಂಶಯಾಸ್ಪದವೆಂದು ಕಂಡಿತು. ಹಸುಗೂಸಿದ್ದ ಬಾಡಿಗೆ ಕುಟುಂಬವೊಂದು ರಾತ್ರೋರಾತ್ರಿ ಮನೆ ಬಿಟ್ಟಿತು. ಮೇಲಿನ ಮಹಡಿಯ ವೃದ್ಧರ ಮನೆಗೆ ದಲಾಲಿಯೊಬ್ಬ ಅರ್ಧ ಬೆಲೆ ಹೇಳಿ ಹೋದ. ಮರುದಿನ ನಾನೇ ಹೋಗಿ ನೋಡಿದರೆ, ಟೊಳ್ಳಾಗಿದ್ದ ಪ್ಲಾಸ್ಟರನ್ನು ತೆಗೆಯದೆ ಅದರ ಮೇಲೆಯೇ ಸಹಾಯಕನು ಯಂತ್ರ ಹಿಡಿದಿದ್ದ. ಕೆರೆದು ಹಿಡಿದಾಗ 3.6 ಬಂತು. ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಪೂರ್ತಿ ಶುಲ್ಕ ಹಿಂದಿರುಗಿಸಿದೆ. ಅಂದಿನಿಂದ ಸಂಶಯದ ಜಾಗವನ್ನು ಎರಡನೆಯ ದಿನ ಮತ್ತೆ ಪರೀಕ್ಷಿಸದೆ ಅಂಟಿಸುವುದಿಲ್ಲ. ಅಂಟಿಸುವ ಸಂಜೆ ಸಭೆ ಕರೆದು ಮರಾಠಿ, ಹಿಂದಿ, ಗುಜರಾತಿ, ಬೇಕಾದರೆ ಕನ್ನಡದಲ್ಲಿ ಪ್ರತಿ ಅಂಕಿಯನ್ನೂ ಓದಿ ಹೇಳುತ್ತೇನೆ.

ಗೋಪ್ಯತೆಯ ಪ್ರಶ್ನೆಯನ್ನು ಎತ್ತಿದವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ಗ್ರಾಹಕನ ಮಾಹಿತಿ ಗ್ರಾಹಕನದು. ಆದರೆ ಸೊಸೈಟಿಯಲ್ಲಿ ಗ್ರಾಹಕ ಯಾರು, ಸೆಕ್ರೆಟರಿಯೇ? ಸರ್ವಸದಸ್ಯರ ಸಭೆಯ ಠರಾವಿನಲ್ಲಿ ಅಂಕಿ ಅಂಟಿಸಲು ಒಪ್ಪಿಗೆ ಬರೆದುಕೊಡದಿದ್ದರೆ ನಾನು ಕೆಲಸವನ್ನೇ ತೆಗೆದುಕೊಳ್ಳುವುದಿಲ್ಲ. ಹೀಗೆ ಕಳೆದುಕೊಂಡ ಕೆಲಸಗಳು ಇಪ್ಪತ್ತಕ್ಕೆ ಕಡಿಮೆಯಿಲ್ಲ.

ನಡುವೆ ಪ್ರಯೋಗಾಲಯಗಳನ್ನೂ ಒಮ್ಮೆ ಪರೀಕ್ಷಿಸಿದೆ. ಬೇಕೆಂದೇ ಮೂರು ಬೇರೆ ಬೇರೆ ಮಿಶ್ರಣಗಳಲ್ಲಿ, ಒಂದನ್ನು ತೀರ ದುರ್ಬಲವಾಗಿ, ಕಾಂಕ್ರೀಟು ಹಾಕಿ ಅದರಿಂದ ಕೋರ್ (ಬಲ ಪರೀಕ್ಷಿಸಲು ಕೊರೆದು ತೆಗೆಯುವ ದುಂಡನೆಯ ತುಂಡು) ತೆಗೆದು, ಕಟ್ಟಡವೊಂದರ ಕಂಬಗಳ ಸಂಖ್ಯೆ ಬರೆದು ಎರಡು ಕಡೆ ಕಳುಹಿಸಿದೆ. ಒಂದು ಕಡೆಯಿಂದ ನಿರೀಕ್ಷಿಸಿದಂತೆ ಮೂರು ಬೇರೆ ಅಂಕಿಗಳು ಬಂದವು. ಇನ್ನೊಂದು ಕಡೆಯಿಂದ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ, ಚದರ ಮಿಲಿಮೀಟರಿಗೆ 16ರಿಂದ 17 ನ್ಯೂಟನ್ನಿನ ಒಳಗೆ, ಬಂತು. ಒಡೆದು ನೋಡದೆಯೇ ಬರೆದಿದ್ದರೆಂದು ನನ್ನ ಖಚಿತ ಅಭಿಪ್ರಾಯ. ಹತ್ತು ಹನ್ನೆರಡು ಸಾವಿರ ಹೋಯಿತು, ಹೋದರೂ ಅಷ್ಟು ಬೆಲೆಬಾಳಿದ ಖರ್ಚು ಬೇರೆ ಮಾಡಿಲ್ಲ. ಈಗ ಪ್ರತಿ ಕೋರಿನಲ್ಲಿಯೂ ಒಂದು ಗುರುತು ಇಟ್ಟು ಕಳುಹಿಸುತ್ತೇನೆ. ನಿಜವಾಗಿ ಒಡೆದಿದ್ದರೆ ಅದು ತಿಳಿಯುತ್ತದೆ. ಆ ಗುರುತು ಏನೆಂದು ಬರೆದರೆ ನಾಳೆಯೇ ಕೆಲಸಕ್ಕೆ ಬಾರದಂತಾಗುವುದರಿಂದ ಇಲ್ಲಿ ಬರೆಯುವುದಿಲ್ಲ. ಒಳಗಿನ ಸರಳಿನ ತುಕ್ಕನ್ನು ಅಂದಾಜು ಮಾಡುವ ಹಾಫ್ ಸೆಲ್ ಪರೀಕ್ಷೆಯನ್ನೂ ಒಂದೇ ಕಂಬದ ಅದೇ ಜಾಗಗಳಲ್ಲಿ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಮಾಡಿ ನೋಡಿದೆ. ಮಳೆಗಾಲದ ಅಂಕಿಗಳು ಎಂಬತ್ತು ಮಿಲಿವೋಲ್ಟಿನಷ್ಟು ಕೆಳಗಿದ್ದವು. ಋಣ 350 ದಾಟಿದರೆ ತುಕ್ಕಿನ ಸಾಧ್ಯತೆ ಹೆಚ್ಚೆಂದು ಲೆಕ್ಕ; ಮೇ ತಿಂಗಳಲ್ಲಿ ಅದರ ಈಚೆಗಿದ್ದ ಕಂಬ ಆಗಸ್ಟಿನಲ್ಲಿ ಅದನ್ನು ದಾಟಿತ್ತು. ಸಿ-1 ಬೇಕಾದವರು ಮಳೆಗಾಲದಲ್ಲಿಯೇ ಪರೀಕ್ಷೆ ಮಾಡಿಸಲು ಅವಸರಪಡುವುದು ಏಕೆಂದು ಆಮೇಲೆ ತಿಳಿಯಿತು.

ಅತ್ಯಂತ ಕಷ್ಟವಾದದ್ದು ವಡಾಲಾದ ಹದಿನೆಂಟು ಮನೆಗಳ ಕಟ್ಟಡ. ಎಪ್ಪತ್ತರ ದಶಕದ್ದು, ಕೋರುಗಳ ಬಲ ತೀರ ಕಡಿಮೆ, ಸರಾಸರಿ ಒಂಬತ್ತು ನ್ಯೂಟನ್ ಕೂಡ ದಾಟಲಿಲ್ಲ. ಎರಡನೆಯ ಮಹಡಿಯಲ್ಲಿ ಉಡುಪಿ ಕಡೆಯ ಒಬ್ಬ ಅಮ್ಮ ಒಬ್ಬರೇ ಇದ್ದರು. ಗಂಡ ಹೋಟೆಲಿನಲ್ಲಿ ದುಡಿದು ಕೊಂಡ ಮನೆ ಅದು. ನಾನು ಕನ್ನಡದವನೆಂದು ತಿಳಿದ ದಿನದಿಂದ ಅವಲಕ್ಕಿ, ಚಹಾ ಕೊಡದೆ ಕಳುಹಿಸಿದವರಲ್ಲ. "ಮಗಾ, ಇನ್ನು ನಾಲ್ಕು ವರ್ಷ ಆಗ್ಲಿಕ್ಕಿಲ್ವಾ? ಅಷ್ಟರೊಳಗೆ ನನ್ನದು ಮುಗೀತದೆ" ಎಂದು ಕೇಳಿದಾಗ ನನಗೆ 2012ರ ಆ ಚೇರ್ಮನ್ನರ ಮುಗಿದ ಕೈಗಳು ನೆನಪಾದವು. ಉತ್ತರ ಹೇಳಲಿಲ್ಲ. ಕೆಳಗೆ ಕರೆದುಕೊಂಡು ಹೋಗಿ, ಸರಳನ್ನು ತುಕ್ಕಿನಿಂದ ಕಾಯುವ ಕ್ಷಾರ ಕಾಂಕ್ರೀಟಿನಲ್ಲಿ ಉಳಿದಿದ್ದರೆ ಕೆಂಪಾಗುವ ಫಿನಾಲ್ಫ್ತಲೀನ್ ದ್ರಾವಣವನ್ನು ಒಡೆದ ಕಂಬದ ಮೇಲೆ ಅವರ ಕೈಯಿಂದಲೇ ಹಾಕಿಸಿದೆ. ಮೊದಲು ನಾನು ತಂದಿದ್ದ ಹೊಸ ಕಾಂಕ್ರೀಟಿನ ತುಂಡಿನ ಮೇಲೆ ಹಾಕಿದರು. ಅದು ದಾಸವಾಳದಂತೆ ಕೆಂಪಾಯಿತು. ಕಂಬದ ಮೇಲೆ ಹಾಕಿದರು. ಸರಳು ಕಾಣುವ ಆಳದವರೆಗೂ ಬಣ್ಣ ಬರಲಿಲ್ಲ. ಮತ್ತೊಮ್ಮೆ ಹಾಕಿದರು. ಬಹಳ ಹೊತ್ತು ನೋಡಿ, "ಇದರಲ್ಲಿ ಜೀವ ಇಲ್ಲ ಅಲ್ವಾ" ಎಂದರು.

ಸಿ-1 ಬರೆದುಕೊಟ್ಟು ವಾರ್ಡ್ ಕಚೇರಿಗೆ ಪ್ರತಿ ಸಲ್ಲಿಸಿದರೆ ನಮ್ಮ ಹೊಣೆ ಮುಗಿಯಿತೆಂದು ಕಸುಬಿನವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಖಾಲಿ ಮಾಡುವ ಮೊದಲು ಪ್ರತಿ ಮನೆಯ ವಿಸ್ತೀರ್ಣವನ್ನು ಅಳೆಯಿಸಿ ಪಾಲಿಕೆಯ ದಾಖಲೆಗೆ ಸೇರಿಸದಿದ್ದರೆ ಮುಂದೆ ಹೊಸ ಕಟ್ಟಡದಲ್ಲಿ ಹಕ್ಕು ಕೇಳುವಾಗ ಕಷ್ಟವಾಗುತ್ತದೆ. ಅದಕ್ಕಾಗಿ ಮೂರು ಭಾನುವಾರ ಟೇಪು ಹಿಡಿದು ಓಡಾಡಿದೆ, ಇದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಹದಿನೆಂಟು ಮನೆಗಳೂ ಜೂನ್ ಮೊದಲ ವಾರಕ್ಕೆ ಮುನ್ನ, ಐದೇ ವಾರಗಳಲ್ಲಿ, ಒಂದು ಮೊಕದ್ದಮೆಯೂ ಇಲ್ಲದೆ ಖಾಲಿಯಾದವು. ಇಷ್ಟು ಶಾಂತವಾಗಿ ಖಾಲಿಯಾದ ಸಿ-1 ಕಟ್ಟಡವನ್ನು ನಾನು ಮುಂಬಯಿಯಲ್ಲಿ ಬೇರೆ ಕಂಡಿಲ್ಲ. ಅಮ್ಮ ಈಗ ಮೀರಾ ರೋಡಿನಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ.

ಚೆಂಬೂರಿನದು ಇದರ ಹಿಮ್ಮುಖ. ಸಲಹಾ ಸಮಿತಿಯ ಮುಂದೆ ಎರಡು ವರದಿಗಳು ಎದುರೆದುರು ಬಂದಾಗ, ಆಯ್ದ ಏಳು ಕಂಬಗಳಲ್ಲಿ ಮರುಪರೀಕ್ಷೆ ನಡೆಯಿತು. ಆರು ಕಂಬಗಳ ಅಂಕಿಗಳು ನಮ್ಮ ಫಲಕದ ಅಂಕಿಗಳಿಗೆ ತೀರ ಹತ್ತಿರವಿದ್ದವು. ಏಳನೆಯದರಲ್ಲಿ ನನ್ನದೇ ಸ್ವಲ್ಪ ಕಡಿಮೆ ತೋರಿಸಿತ್ತು. ಇನ್ನೊಂದು ವರದಿಯ ಪರೀಕ್ಷೆಗಳು ಎಲ್ಲಿ ನಡೆದವೆಂದು ತೋರಿಸಲು ಯಾರ ಕೈಯಲ್ಲೂ ಆಗಲಿಲ್ಲ. ನನ್ನವನ್ನು ಚೀಟಿ ಎತ್ತಿದ್ದ ಏಳನೆಯ ತರಗತಿಯ ಹುಡುಗಿಯೇ ಒಂದೊಂದಾಗಿ ತೋರಿಸಿದಳು. ಅಲ್ಲಿಂದೀಚೆಗೆ ಕೆಲಸ ತಾನಾಗಿ ಬರುತ್ತಿದೆ. ಆದಾಯ ಹಳೆಯ ಮಟ್ಟಕ್ಕೆ ಇನ್ನೂ ಮುಟ್ಟಿಲ್ಲ, ಹದಿನೈದರ ಹತ್ತಿರ ಇದೆ.

ಒಂದು ತೊಡಕು ಬಿಡಿಸಲಾಗದೆ ಉಳಿದಿದೆ: ನೆಲಮಹಡಿಯ ಅಂಗಡಿಗಳು. 2017ರ ಜುಲೈ 25ರಂದು ಘಾಟ್ಕೋಪರಿನ ಸಾಯಿ ದರ್ಶನ್ ಕಟ್ಟಡ ಕುಸಿದು 17 ಜನ ಸತ್ತಾಗ, ನೆಲಮಹಡಿಯ ನವೀಕರಣದಲ್ಲಿ ಕಂಬಗಳಿಗೆ ಕೈಹಾಕಿದ್ದರೆಂಬುದೇ ಮುಖ್ಯ ಆರೋಪವಾಗಿತ್ತು. ಹಾಗಿದ್ದರೂ ಅಂಗಡಿಯವರು ಕಂಬದ ಮೇಲಿನ ಹಲಗೆ, ಕಲ್ಲು ತೆಗೆಯಲು ಬಿಡುವುದಿಲ್ಲ, ಬಲವಂತ ಮಾಡುವ ಅಧಿಕಾರ ನನಗಿಲ್ಲ. ಸಾಯನಿನ ಒಂದು ಕಟ್ಟಡದಲ್ಲಿ ಈಗ ಅದೇ ಆಗಿದೆ. ಹನ್ನೊಂದನೆಯ ಕಂಬದ ಎದುರು "ಪರೀಕ್ಷಿಸಲು ಬಿಡಲಿಲ್ಲ" ಎಂದು ಬರೆದು, ಆ ಕಂಬದ ಮೇಲೆ ನಿಂತಿರುವ ನಾಲ್ಕು ಮನೆಗಳ ಸಂಖ್ಯೆಯನ್ನೂ ಪಕ್ಕದಲ್ಲಿಯೇ ಬರೆದು ಫಲಕಕ್ಕೆ ಅಂಟಿಸಿದ್ದೇನೆ. ನಾಲ್ಕೂ ಮನೆಯವರು ನಿನ್ನೆ ಸಂಜೆ ಒಟ್ಟಾಗಿ ಅಂಗಡಿಗೆ ಹೋಗಿದ್ದರಂತೆ. ಭಾನುವಾರ ಬೆಳಗ್ಗೆ ಏಳಕ್ಕೆ, ಅಂಗಡಿ ತೆರೆಯುವ ಮೊದಲು, ಹ್ಯಾಮರ್ ತೆಗೆದುಕೊಂಡು ಬನ್ನಿ ಎಂದು ಸೆಕ್ರೆಟರಿಯವರ ಫೋನು ಬಂದಿದೆ.